ಸಕ್ಕರೆ ಹಾಕದ ಪೀನಟ್ ಬಟರ್ ಫಡ್ಜ್: ಮನೆಯಲ್ಲಿ ಮಾಡಿದವರು ಅನುಭವ ಹೇಳಿ

ಕೇಳಿದವರು, ಬೆಂಗಳೂರು
ಅಪ್ಪನಿಗೆ ಶುಗರ್ ಇದೆ. ಕಡಲೆಕಾಯಿ ಅಂದರೆ ಪ್ರಾಣ. ಸಕ್ಕರೆ ಇಲ್ಲದ ಪೀನಟ್ ಬಟರ್ ಫಡ್ಜ್ (ಬರ್ಫಿಯಂಥ ಮೆತ್ತನೆ ಸಿಹಿ) ಮಾಡಿ ರಾತ್ರಿ ಬಸ್ಸಿನಲ್ಲಿ ರಾಯಚೂರಿಗೆ ಕಳಿಸಬೇಕು. ತಲುಪುವವರೆಗೆ ಕರಗಬಾರದು. ಕೊಬ್ಬರಿ ಎಣ್ಣೆ ವಾಸನೆ ಅವರಿಗೆ ಆಗುವುದಿಲ್ಲ. ಯಾರಾದರೂ ಮಾಡಿದ್ದೀರಾ?

ಮಂಗಳೂರು ಮನೆ
ನಾವು ಮಾಡುವುದು ತೆಂಗಿನೆಣ್ಣೆಯಲ್ಲೇ. ಖರ್ಚು ಕೇಳಿ. ಸಕ್ಕರೆ ಹಾಕದ ಪೀನಟ್ ಬಟರ್ ಅರ್ಧ ಕೆಜಿ 240. ಸಕ್ಕರೆ ಬದಲು ಹಾಕುವ ಸಿಹಿಪುಡಿ ಎರಿಥ್ರಿಟಾಲ್ ಅರ್ಧ ಕೆಜಿ 390. ಬಟರ್ ಪೇಪರ್ 90. ಎಣ್ಣೆ ಮನೆಯದ್ದು, ಅದಕ್ಕೆ ಲೆಕ್ಕ ಇಲ್ಲ. ಅಷ್ಟು ಕೊಟ್ಟು ತಂದ ಎರಿಥ್ರಿಟಾಲ್ ಕಾಳು ಕಾಳು. ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಮುಚ್ಚಳ ತೆಗೆದರೆ ಪುಡಿಯೆಲ್ಲ ಮೂಗಿಗೆ, ಸಂಜೆವರೆಗೂ ಕೆಮ್ಮು. ಮೊದಲ ದಿನ ಫಡ್ಜ್ ಚೆನ್ನಾಗಿತ್ತು. ಆಮೇಲೆ ಫ್ರಿಜ್ಜಿನಿಂದ ತೆಗೆದರೆ ಮರಳು ಮರಳು. ಆ ಪುಡಿ ಮತ್ತೆ ಹರಳು ಕಟ್ಟುತ್ತದೆ. ಬಾಯಿಗೆ ಇಟ್ಟರೆ ತಂಪು ಬೇರೆ. ನಮ್ಮ ಯಜಮಾನರು "ಇದಕ್ಕೆ ವಿಕ್ಸ್ ಹಾಕಿದೆಯಾ" ಅಂದರು. ಮೇ ತಿಂಗಳಲ್ಲಿ ಇನ್ನೊಂದು ಕಥೆ. ತೆಂಗಿನೆಣ್ಣೆ 24 ಡಿಗ್ರಿಗೇ ಕರಗುತ್ತದೆ, ತಟ್ಟೆ ಮೇಜಿಗೆ ಬರುವಷ್ಟರಲ್ಲಿ ಚಮಚ ಬೇಕು. ಆದರೂ ತೆಂಗಿನೆಣ್ಣೆಯ ರುಚಿ ಬೇರೆ ಯಾವುದಕ್ಕೂ ಬರುವುದಿಲ್ಲ.

ಧಾರವಾಡದ ಅಕ್ಕ
ಈ ಫಡ್ಜ್ ಗಿಡ್ಜ್ ಯಾಕೆ? ಶೇಂಗಾ ಹುರಿದು ಬೆಲ್ಲ ಹಾಕಿ ಉಂಡಿ ಕಟ್ಟಿ. ಬಸ್ಸಿನಲ್ಲಿ ಎಲ್ಲಿಗಾದರೂ ಹೋಗುತ್ತದೆ. ನಮ್ಮ ಮಾವನವರಿಗೂ ಶುಗರ್ ಇತ್ತು. ಪಂಚಮಿ ಬಂದರೆ ಡಬ್ಬಿ ಅವರ ಹಾಸಿಗೆ ಪಕ್ಕದಲ್ಲೇ ಇರುತ್ತಿತ್ತು. ಬೆಲ್ಲದಿಂದ ಏನೂ ಆಗುವುದಿಲ್ಲ.

ಬೆರಳು ಚುಚ್ಚಿಕೊಳ್ಳುವವನು, ತುಮಕೂರು
ಅಕ್ಕಾ, ಇದನ್ನು ಶುಗರ್ ಇರುವವರ ಮುಂದೆ ಹೇಳಬೇಡಿ. ಬೆಲ್ಲದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಸಕ್ಕರೆಯೇ ಇರುವುದು. ಮುಂದೆ ಯಾರಾದರೂ ಖರ್ಜೂರ ಅಂತ ಬರುತ್ತಾರೆ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ. ನನ್ನ ಕಥೆ ಕೇಳಿ. "ಡಯಾಬಿಟಿಕ್ ಸ್ಪೆಷಲ್" ಅಂತ ಬರೆದ ಫಡ್ಜ್ ಡಬ್ಬಿಗೆ 420 ಕೊಟ್ಟೆ. ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮಾಲ್ಟಿಟಾಲ್, ಅದೂ ಸಕ್ಕರೆ ಬದಲು ಹಾಕುವ ಸಿಹಿಯೇ. ಸಕ್ಕರೆಯಷ್ಟಲ್ಲ, ಆದರೂ ಅದು ಶುಗರ್ ಏರಿಸುತ್ತದೆ. ಮೀಟರಿನಲ್ಲಿ ಕಂಡಾಗ ನಂಬಿಕೆ ಬರದೆ ಮತ್ತೆ ಚುಚ್ಚಿಕೊಂಡೆ, ಸ್ಟ್ರಿಪ್ ಒಂದಕ್ಕೆ 20 ರೂಪಾಯಿ. ಹೊಟ್ಟೆಯೂ ಕೆಟ್ಟಿತು. ಮದುವೆ ಊಟದ ಪಂಕ್ತಿಯಿಂದ ಎದ್ದು ಓಡಿದೆ. ತೆರೆದ ಡಬ್ಬಿ ವಾಪಸ್ ತಗೊಳ್ಳಲ್ಲ ಅಂದ ಅಂಗಡಿಯವನು.

ಧಾರವಾಡದ ಅಕ್ಕ
ನಮ್ಮ ಮಾವ 84 ವರ್ಷ ಬದುಕಿದರು. ನೀವು ಸ್ಟ್ರಿಪ್ ಎಣಿಸುತ್ತಾ ಕೂತಿರಿ.

ಬೆರಳು ಚುಚ್ಚಿಕೊಳ್ಳುವವನು, ತುಮಕೂರು
ಅವರ ಕಾಲಿನ ಗಾಯ ಎಷ್ಟು ದಿನಕ್ಕೆ ಮಾಯುತ್ತಿತ್ತು? ಅದನ್ನೂ ಬರೆಯಿರಿ.

ನ್ಯೂಜೆರ್ಸಿಯಿಂದ
ಎರಿಥ್ರಿಟಾಲ್ ಬಿಡಿ, ಸಕ್ಕರೆ ಬದಲು ಹಾಕುವ ಇನ್ನೊಂದು ಸಿಹಿ ಅಲ್ಯುಲೋಸ್ ತಗೊಳ್ಳಿ. ಅಷ್ಟು ಬೇಗ ಹರಳು ಕಟ್ಟುವುದಿಲ್ಲ, ತಂಪೂ ಇಲ್ಲ. ಸಿಹಿ ಮಾತ್ರ ಸಕ್ಕರೆಯ ನೂರಕ್ಕೆ 70 ಪಾಲು. 2019ರಲ್ಲಿ ಇಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಇದನ್ನು ಲೇಬಲ್ಲಿನ ಸಕ್ಕರೆ ಲೆಕ್ಕಕ್ಕೆ ಸೇರಿಸಬೇಕಿಲ್ಲ ಅಂದಿತು. ನಾನು ಪೌಂಡಿಗೆ 8 ಡಾಲರ್ ಕೊಟ್ಟೆ. ಇನ್ನೊಂದು ಮಾತು, ನೀರು ನೀರಾದ ಸ್ಟೀವಿಯಾ ಡ್ರಾಪ್ಸ್ ಹಾಕಬೇಡಿ. ಸ್ವಲ್ಪ ನೀರು ಬಿದ್ದರೂ ಪೀನಟ್ ಬಟರ್ ಮುದ್ದೆ ಕಟ್ಟಿ ಎಣ್ಣೆ ಬಿಡುತ್ತದೆ. ಒಂದು ಟ್ರೇ ಪೂರ್ತಿ ಕಸಕ್ಕೆ ಹೋಯಿತು, 14 ಡಾಲರ್ ಲೆಕ್ಕ.

ಮಂಗಳೂರು ಮನೆ
ನಮ್ಮ ಬೀದಿಯ ಅಂಗಡಿಯಲ್ಲಿ ಅದು ಸಿಕ್ಕ ದಿನ ಹೇಳುತ್ತೇನೆ. ಡಾಲರ್ ಲೆಕ್ಕ ನಿಮ್ಮಲ್ಲೇ ಇರಲಿ.

ಕೇಳಿದವರು, ಬೆಂಗಳೂರು
ಎಲ್ಲರಿಗೂ ಥ್ಯಾಂಕ್ಸ್. ಕೊಬ್ಬರಿ ಎಣ್ಣೆ ಬೇಡ ಅಂತ ಬರೆದಿದ್ದೆ. ಬೆಣ್ಣೆ ಹಾಕಬಹುದಾ?

ನಾಯಿ ಸಾಕಿದವಳು, ಮೈಸೂರು
ಬೆಣ್ಣೆ ವಿಷಯ ಆಮೇಲೆ. ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಹೆಸರೇ ಯಾರೂ ಎತ್ತಿಲ್ಲ. ಮನುಷ್ಯರಿಗೆ ಸರಿ, ನಾಯಿಗೆ ವಿಷ. ಇನ್ಸುಲಿನ್ ಒಮ್ಮೆಗೇ ಏರಿ ಶುಗರ್ ಕುಸಿಯುತ್ತದೆ. ತಂಗಿ ಕಳಿಸಿದ ಫಡ್ಜ್ ಚೂರನ್ನು ನಮ್ಮ ಕರಿಯ ಮೇಜಿನ ಕೆಳಗಿನಿಂದ ಎತ್ತಿದ. ಅರ್ಧ ಗಂಟೆಗೆ ತೂರಾಡಲು ಶುರು. ರಾತ್ರಿಯಿಡೀ ಡ್ರಿಪ್, 6,800 ಬಿಲ್ಲು. ತಂಗಿ ಇವತ್ತಿಗೂ "ನಾಯಿ ಯಾಕೆ ಒಳಗಿತ್ತು" ಅಂತ ಕೇಳುತ್ತಾಳೆ.

ಬೇಕರಿಯವನು, ದಾವಣಗೆರೆ
ಸಾಮಾನ್ಯ ಫಡ್ಜ್ ನಿಲ್ಲುವುದು ಸಕ್ಕರೆಯ ಸಣ್ಣ ಹರಳುಗಳಿಂದ. ಸಕ್ಕರೆ ತೆಗೆದರೆ ಹಿಡಿದಿಡಲು ಉಳಿಯುವುದು ಕೊಬ್ಬು ಮಾತ್ರ. ಬೆಣ್ಣೆ ರುಚಿ, ಆದರೆ ಸೆಕೆಗೆ ಮೆತ್ತಗಾಗುತ್ತದೆ. ಹಾಲಿನ ಪುಡಿ ಸೇರಿಸಿ ಗಟ್ಟಿ ಮಾಡುತ್ತಾರೆ, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹಾಲಿನ ಸಕ್ಕರೆಯೇ. ನಾನು ಚಾಕೊಲೇಟಿಗೆ ಹಾಕುವ ಕೊಕೊ ಬೀಜದ ಕೊಬ್ಬು, ಕೊಕೊ ಬಟರ್ ಹಾಕುತ್ತೇನೆ. 34 ಡಿಗ್ರಿ ಹತ್ತಿರ ಕರಗುತ್ತದೆ. 200 ಗ್ರಾಮಿಗೆ 380 ಕೊಟ್ಟೆ, ಮಾರಿದ್ದರಲ್ಲಿ ಅಸಲೂ ಹುಟ್ಟಲಿಲ್ಲ. ರಾಯಚೂರು ಬೇಸಿಗೆಯಲ್ಲಿ 40 ದಾಟುತ್ತದೆ, ಅಲ್ಲಿ ಇದೂ ನಿಲ್ಲುವುದಿಲ್ಲ. ಡಿಸೆಂಬರಿನಲ್ಲಿ ಕಳಿಸಿ.

ಮಿಕ್ಸಿ ಸುಟ್ಟವನು, ಬೆಂಗಳೂರು
ಎಲ್ಲರೂ ಪೀನಟ್ ಬಟರ್ ಡಬ್ಬಿ ತಂದೇ ಮಾತಾಡುತ್ತಿದ್ದೀರಿ. ಅದರಲ್ಲೂ ಕೆಲವಕ್ಕೆ ಸಕ್ಕರೆ ಇರುತ್ತದೆ. ಮನೆಯಲ್ಲೇ ರುಬ್ಬಿದರೆ ಅರ್ಧಕ್ಕರ್ಧ ಉಳಿತಾಯ ಅಂತ ಹೊರಟೆ. ಬೀಜ ಪುಡಿಯಾಗಿ, ಗಟ್ಟಿಯಾಗಿ, ಎಣ್ಣೆ ಬಿಡುವ ಹೊತ್ತಿಗೆ ಮಿಕ್ಸಿಯಿಂದ ಹೊಗೆ. ಕಾಯಿಲ್ ಸುತ್ತಿಸಲು 1,850. ವಾರಂಟಿಯಲ್ಲಿ ಮೋಟಾರ್ ಬರಲ್ಲ ಅಂದರು, ಕಾರ್ಡಿನಲ್ಲಿ ಬರುತ್ತದೆ ಅಂತಲೇ ಇತ್ತು.

ಬೇಕರಿಯವನು, ದಾವಣಗೆರೆ
ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಅದೂ ಗೊತ್ತಿಲ್ಲದೆ ವಾರಂಟಿ ಕೇಳುತ್ತೀರಿ.

ಮಿಕ್ಸಿ ಸುಟ್ಟವನು, ಬೆಂಗಳೂರು
ನಿಲ್ಲಿಸಿಯೇ ತಿರುಗಿಸಿದ್ದು ಸ್ವಾಮಿ. ನೀವು ಬಂದು ನೋಡಿದ್ರಾ?

ಧಾರವಾಡದ ಅಕ್ಕ
ಒರಳಿನಲ್ಲಿ ರುಬ್ಬಿ. ಕಾಯಿಲೂ ಇಲ್ಲ, ವಾರಂಟಿಯೂ ಇಲ್ಲ.

ಮಿಕ್ಸಿ ಸುಟ್ಟವನು, ಬೆಂಗಳೂರು
ನಾಲ್ಕನೇ ಮಹಡಿಯಲ್ಲಿ ಒರಳು ಎಲ್ಲಿ ಇಡಲಿ ಅಕ್ಕಾ? ಮಿಕ್ಸಿ ಸದ್ದಿಗೇ ಕೆಳಗಿನ ಮನೆಯವರು ದೂರು ಕೊಟ್ಟಿದ್ದಾರೆ.