ಸಹಾಯ ಬೇಕು: 2004ರ ವಿಚ್ಛೇದನ ಡಿಕ್ರಿ, ಎಂ.ಸಿ. (ವೈವಾಹಿಕ ಪ್ರಕರಣದ) ನಂಬರ್ ಇಲ್ಲ

ಬೆಂಗಳೂರು ಕೌಟುಂಬಿಕ ನ್ಯಾಯಾಲಯದಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಡಿ, ಪರಸ್ಪರ ಒಪ್ಪಿಗೆಯಿಂದ 2004ರಲ್ಲಿ ಆದ ಡಿಕ್ರಿಯ ದೃಢೀಕೃತ ನಕಲು ಬೇಕಿದೆ. ಅರ್ಜಿ ಹಾಕುವವರು ಕಕ್ಷಿದಾರರೇ. ಹೆಸರುಗಳು, ಮದುವೆಯ ದಿನಾಂಕ ಗೊತ್ತು. ಪ್ರಕರಣದ ಸಂಖ್ಯೆ ಮಾತ್ರ ಇಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅಂತ ದಯವಿಟ್ಟು ಹೇಳಬೇಡಿ. ಅಲ್ಲಿರುವುದು ಮದುವೆಯ ನೋಂದಣಿ. ಡಿಕ್ರಿ ಇರುವುದು ಕೋರ್ಟಿನಲ್ಲೇ.

ಕೋರ್ಟ್ ಪ್ರಕರಣಗಳನ್ನು ಹುಡುಕುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ, 'ವಿಲೇವಾರಿ' ಆಯ್ಕೆ ಮಾಡಿ ಹುಡುಕಿದ್ದಾಗಿದೆ. (ಬಾಕಿ ಪ್ರಕರಣಗಳಲ್ಲೇ ಹುಡುಕಿ 'ಸಿಗಲಿಲ್ಲ' ಅನ್ನುವವರೇ ಹೆಚ್ಚು.) ಅಲ್ಲಿ ಕೇಳುವ ವರ್ಷ ಪ್ರಕರಣ ದಾಖಲಾದದ್ದು, ತೀರ್ಪಿನದ್ದಲ್ಲ. 13ಬಿಯಲ್ಲಿ ಆರು ತಿಂಗಳ ಕಾಯುವಿಕೆ ಇರುವುದರಿಂದ ಸಂಖ್ಯೆ 2003ರದ್ದೂ ಇರಬಹುದೆಂದು ಎರಡೂ ವರ್ಷ ನೋಡಿದೆ, ಇಂಗ್ಲಿಷ್ ಕಾಗುಣಿತ ಬದಲಿಸಿಯೂ ನೋಡಿದೆ. ಇಲ್ಲ.

ಕೇಳುವುದು ಇಷ್ಟು: ನ್ಯಾಯದೇಗುಲದಲ್ಲಿ (ಕೌಟುಂಬಿಕ ನ್ಯಾಯಾಲಯದ ಕಟ್ಟಡ) ಹಳೆಯ ರಿಜಿಸ್ಟರನ್ನು ಹೆಸರಿನ ಮೇಲೆ ಹುಡುಕಿಸಲು ಅರ್ಜಿ ಯಾರಿಗೆ ಕೊಡಬೇಕು, ನಕಲು ವಿಭಾಗಕ್ಕೋ ದಾಖಲೆ ಕೊಠಡಿಗೋ? ಕಕ್ಷಿದಾರರು ವಿದೇಶದಲ್ಲಿದ್ದರೆ ವಕೀಲರ ಹೊಸ ವಕಾಲತ್ತು ಸಾಕೇ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬೇಕೇ? ಅದೇ ಕಾಯ್ದೆಯ 23(4)ರ ಪ್ರಕಾರ ಕಕ್ಷಿದಾರರಿಗೆ ಡಿಕ್ರಿಯ ನಕಲು ಉಚಿತ. ಇಷ್ಟು ವರ್ಷದ ಮೇಲೆ ಕೇಳಿದರೂ ಹಾಗೇ ಕೊಡುತ್ತಾರಾ? ಇತ್ತೀಚೆಗೆ ಪಡೆದವರು ತಿಳಿಸಿ.