ಪ್ರದರ್ಶನಕ್ಕೆ ಸಿದ್ಧವಾಗುತ್ತಿರುವ ಹೋರಿಕರುವಿನ ಕಾಲಿನ ಕೂದಲು ನಿಲ್ಲುತ್ತಿಲ್ಲ

ಪ್ರಶ್ನೆ:
ಮಾಂಸಕ್ಕಾಗಿ ಸಾಕುವ ಆಂಗಸ್ ತಳಿಯ ಹೋರಿಕರುವೊಂದನ್ನು ಮೊದಲ ಬಾರಿಗೆ ಜಾನುವಾರು ಪ್ರದರ್ಶನಕ್ಕೆ ಸಿದ್ಧಪಡಿಸುತ್ತಿದ್ದೇನೆ. ಕಾಲು ದಪ್ಪಗೆ ಕಾಣಲೆಂದು ಹಿಂಗಾಲಿನ ಕೂದಲಿಗೆ ಅಂಟಿನ ಸ್ಪ್ರೇ ಹಾಕಿ ಮೇಲಕ್ಕೆ ಬಾಚಿದರೆ ಅದು ಕೆಲವೆಡೆ ಜಡೆಗಟ್ಟಿದಂತೆ ಮುದ್ದೆಯಾಗುತ್ತದೆ, ಉಳಿದೆಡೆ ಚರ್ಮಕ್ಕೆ ಅಂಟಿಕೊಂಡು ಮಲಗಿಬಿಡುತ್ತದೆ. ಇದರ ಹಿಂಗಾಲು ಪಕ್ಕದಿಂದ ನೋಡಿದಾಗ ಕುಡುಗೋಲಿನಂತೆ ಕೊಂಚ ಬಾಗಿಯೂ ಇದೆ. ತಪ್ಪು ಎಲ್ಲಾಗುತ್ತಿದೆ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1:
ಕೂದಲಿನ ಬುಡ ಒಣಗಿರಲಾರದು ಎಂದು ನನ್ನ ಊಹೆ. ತೇವವಿದ್ದರೂ, ಎಣ್ಣೆಯ ಅಥವಾ ಸೋಪಿನ ಪಸೆ ಉಳಿದಿದ್ದರೂ ಅಂಟು ಹಿಡಿಯುವುದಿಲ್ಲ. ಗೊರಸಿನ ಮೇಲ್ಭಾಗದಲ್ಲಿ, ಹಿಂದಿನ ಪುಟ್ಟ ಗೊರಸುಗಳ ಸುತ್ತ ಕೂದಲನ್ನು ಬೆರಳಿನಿಂದ ಬಿಡಿಸಿ ಚರ್ಮವನ್ನು ಮುಟ್ಟಿ ನೋಡಿ. ಮೇಲೆ ಗರಿಗರಿಯಾಗಿ ಕಂಡರೂ ಒಳಗೆ ತಣ್ಣಗೆ ತಾಗಿದರೆ ಮತ್ತೆ ಬ್ಲೋಯರ್ ಹಿಡಿಯಬೇಕು. ಆಮೇಲೆ ಇಡೀ ಕಾಲಿಗೆ ಒಮ್ಮೆಲೇ ಸಿಂಪಡಿಸದೆ, ಮೂರ್ನಾಲ್ಕು ಬೆರಳಗಲದಷ್ಟು ಜಾಗಕ್ಕೆ ತೆಳುವಾಗಿ ಹಾಕಿ, ಅಂಟು ಒಣಗುವ ಮೊದಲೇ ಬುಡದಿಂದ ಮೇಲಕ್ಕೂ ತುಸು ಮುಂದಕ್ಕೂ ಬಾಚಿ, ಅದು ನಿಂತ ಮೇಲಷ್ಟೇ ಮುಂದಿನ ಜಾಗಕ್ಕೆ ಹೋಗಿ. ಮುದ್ದೆಯಾಗುವುದಕ್ಕೆ ಅಂಟು ಹೆಚ್ಚಾಗಿರುವುದೇ ಕಾರಣ.

ಉತ್ತರ 2:
ಬಾಗಿದ ಕಾಲಿನ ಬಗ್ಗೆ ಹೇಳುತ್ತೇನೆ. ಅಂತಹ ಕಾಲಿನಲ್ಲಿ ಹಿಮ್ಮಡಿ ಗಂಟು (ಹಿಂಗಾಲಿನ ನಡುಭಾಗದ ಕೀಲು) ಹಿಂದಕ್ಕೆ ಚಾಚಿರುತ್ತದೆ, ಅದರ ಕೆಳಗಿನ ಎಲುಬು ಮುಂದಕ್ಕೆ ಓರೆಯಾಗಿರುತ್ತದೆ. ಆದ್ದರಿಂದ ಗಂಟಿನ ತುದಿಯಲ್ಲಿ ಕೂದಲನ್ನು ಚಿಕ್ಕದಾಗಿ ಕತ್ತರಿಸಿ, ಅದರ ಕೆಳಗೆ ಹಿಂಬದಿಯಲ್ಲಿ ಇಳಿಯುತ್ತ ಹೋದಂತೆ ಉದ್ದ ಬಿಟ್ಟರೆ, ಹಿಂಬದಿಯ ಗೆರೆ ನೇರವಾಗಿ ಕಾಣುತ್ತದೆ. ಕಾಲು ತೀರಾ ನೆಟ್ಟಗಿರುವ ರಾಸಿಗೆ ಇದರ ವಿರುದ್ಧ ಮಾಡಬೇಕು. ಕ್ಲಿಪ್ಪರ್ ಒಮ್ಮೆ ಆಡಿಸಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಪಕ್ಕದಿಂದಲೂ ಹಿಂದಿನಿಂದಲೂ ನೋಡಿ. ಹತ್ತಿರ ಕುಳಿತವನ ಕಣ್ಣಿಗೆ ಗೆರೆ ಸಿಗುವುದಿಲ್ಲ. ಕತ್ತರಿಸಿದ್ದನ್ನು ಮರಳಿ ಅಂಟಿಸಲಾಗದು, ಹಾಗಾಗಿ ಅವಸರ ಬೇಡ. ಅಂದಹಾಗೆ, ಇದೆಲ್ಲ ಮಾಂಸದ ತಳಿಗಳ ಮಾತು. ಹೈನು ತಳಿಯ ಹಸುಗಳಲ್ಲಿ ಎಲುಬಿನ ಚಪ್ಪಟೆತನವೂ ಕೀಲಿನ ಸ್ವಚ್ಛತೆಯೂ ಕಾಣಬೇಕಾದುದರಿಂದ ಕಾಲಿನ ಕೂದಲನ್ನು ಚಿಕ್ಕದಾಗಿಯೇ ಕತ್ತರಿಸುತ್ತಾರೆ.

ಉತ್ತರ 3:
ಅಂಟು ಬಳಸುವ ಮೊದಲು ಆ ಪ್ರದರ್ಶನದ ನಿಯಮವನ್ನು ಓದಿಕೊಳ್ಳಿ, ಕೆಲವು ಕಡೆ ಅದಕ್ಕೆ ಅವಕಾಶವಿಲ್ಲ. ಪ್ರದರ್ಶನ ಮುಗಿದ ದಿನವೇ ಅಂಟು ಕರಗಿಸುವ ದ್ರಾವಣವನ್ನು ಹಚ್ಚಿ, ಅದು ಮೆತ್ತಗಾಗುವವರೆಗೆ ಕಾದು, ಬಾಚಿ ತೆಗೆದು ಸೋಪಿನಿಂದ ತೊಳೆಯಿರಿ. ಒಣಗಿದ ಅಂಟನ್ನು ನಾನೊಮ್ಮೆ ಹಾಗೆಯೇ ಬಾಚಲು ಹೋಗಿ, ತಿಂಗಳುಗಟ್ಟಲೆ ಬೆಳೆಸಿದ ಕೂದಲು ಬಾಚಣಿಗೆಯಲ್ಲೇ ಕಿತ್ತುಬಂದಿತ್ತು. ಕರು ನೋವಿನಿಂದ ಕಾಲು ಝಾಡಿಸಿತು, ಮುಂದೆ ಬಹಳ ದಿನ ಕಾಲು ಮುಟ್ಟಲು ಬಿಡಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಪುಟ್ಟ ಗೊರಸುಗಳ ಹಿಂದೆ ಬೆರಳಿಟ್ಟು ನೋಡಿದೆ, ಚರ್ಮ ಇನ್ನೂ ಒದ್ದೆಯಾಗಿತ್ತು.