ಕೂಲಿ ಕೊಟ್ಟ ಮಾತ್ರಕ್ಕೆ ನ್ಯಾಯ ಆಯಿತಾ?

ರಾತ್ರಿಪಾಳಿ:
ಬಂಡವಾಳಶಾಹಿ ವ್ಯವಸ್ಥೆ ದುಡಿಯುವವರನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತದಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಲ್ಲ. ತಾನಾಗಿಯೇ ಅಂತೂ ಖಂಡಿತ ಇಲ್ಲ.

ನಾನು ದೊಡ್ಡ ಗೋದಾಮೊಂದರಲ್ಲಿ ಕೆಲಸ ಮಾಡುತ್ತೇನೆ. ಪಾಳಿ ಮುಗಿದ ಮೇಲೆ ಎಲ್ಲರೂ ತಪಾಸಣೆಗೆ ಸಾಲು ನಿಲ್ಲಬೇಕು. ಬ್ಯಾಗ್ ಬಿಚ್ಚಿ ತೋರಿಸಬೇಕು, ಬೆಲ್ಟ್ ಕಳಚಬೇಕು, ಜೇಬು ತಡಕಲು ಬಿಡಬೇಕು. ಹಾಜರಿ ಯಂತ್ರ ಇರುವುದು ಸಾಲಿಗಿಂತ ಮೊದಲು. ಬೆರಳು ಒತ್ತಿದ ಕೂಡಲೇ ಸಂಬಳದ ಲೆಕ್ಕ ಮುಗಿಯಿತು. ಅಲ್ಲಿಂದಾಚೆ ನಿಂತ ಹೊತ್ತಿಗೆ ಕಾಸಿಲ್ಲ. ಮಾಲು ಕಳ್ಳತನ ಆಗಬಾರದು ಅನ್ನುವುದು ಕಂಪನಿಯ ಅಗತ್ಯ, ಅದಕ್ಕೆ ಸಮಯ ಕೊಡುವವರು ನಾವು. ನಾವು ಎರಡು ನಿಮಿಷ ತಡವಾಗಿ ಬಂದರೆ ಮಾತ್ರ ಕಾಲು ಗಂಟೆ ಸಂಬಳ ಕಟ್.

ಮ್ಯಾನೇಜರ್ ಕೆಟ್ಟವನು ಅಂತ ದೂರುತ್ತಿಲ್ಲ. ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ, ಅವನೂ ಅದೇ ಸಾಲಲ್ಲಿ ನಿಲ್ಲುತ್ತಾನೆ. ಒಳ್ಳೆಯವರು ಇದ್ದೂ ಹೀಗೆ ನಡೆಯುತ್ತದೆ ಅನ್ನುವುದೇ ನನ್ನ ತಕರಾರು.

ಲೆಕ್ಕದಪಟ್ಟಿ:
ನಿಮ್ಮ ಸಾಲಿನ ವಿಷಯ ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದ ಇಡೀ ವ್ಯವಸ್ಥೆಯ ಮೇಲೆ ತೀರ್ಪು ಕೊಡಲು ಆಗುವುದಿಲ್ಲ. ಯಾವುದಕ್ಕೆ ಹೋಲಿಸಿ ಅನ್ಯಾಯ ಅಂತ ಕೇಳಬೇಕಲ್ವಾ?

ಮನುಷ್ಯನ ಇತಿಹಾಸದಲ್ಲಿ ಬಹುಕಾಲ ದುಡಿತ ಅಂದರೆ ಒಡೆಯನ ನೆಲಕ್ಕೆ ಕಟ್ಟುಬಿದ್ದ ಜೀತ, ಇಲ್ಲವೇ ಗುಲಾಮಗಿರಿ. ಕೂಲಿ ಒಪ್ಪಂದ ಬಂದ ಮೇಲೆ ಆಳು ತನ್ನ ಕೆಲಸ ಮಾತ್ರ ಮಾರಿದ, ತನ್ನನ್ನೇ ಅಲ್ಲ. ಇನ್ನೊಂದು ವಿಷಯ. 1990ರಲ್ಲಿ ಜಗತ್ತಿನ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಡುಬಡತನದಲ್ಲಿದ್ದರು. 2019ರ ಹೊತ್ತಿಗೆ ಅದು ಹತ್ತರಲ್ಲಿ ಒಬ್ಬರಿಗಿಂತ ಕೆಳಗೆ ಇಳಿಯಿತು. ಇದರಲ್ಲಿ ದೊಡ್ಡ ಪಾಲು ಚೀನಾದ್ದು. 1978ರ ನಂತರ ಅಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದರು, ಕೋಟಿಗಟ್ಟಲೆ ಜನ ಕಾರ್ಖಾನೆ ಕೆಲಸಕ್ಕೆ ಬಂದರು. ಯಾರೂ ದಾನ ಮಾಡಿ ಅವರನ್ನು ಮೇಲೆತ್ತಲಿಲ್ಲ. ಇದನ್ನು ಬದಿಗಿಟ್ಟು ನ್ಯಾಯದ ಮಾತಾಡಿದರೆ ಅರ್ಧ ಮಾತ್ರ ಹೇಳಿದ ಹಾಗೆ.

ಕೆಂಪುಶಾಯಿ:
ಬಡತನ ಇಳಿದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ ಅದಲ್ಲ. ನನ್ನ ಆದಾಯ ಏರಿದೆ ಅಂದ ಮಾತ್ರಕ್ಕೆ ನನ್ನ ಪಾಲು ನನಗೆ ಸಿಕ್ಕಿದೆ ಅಂತ ಆಗುವುದಿಲ್ಲ.

ಮಾರ್ಕ್ಸ್ 1867ರಲ್ಲಿ ಕೇಳಿದ ಪ್ರಶ್ನೆ ತುಂಬಾ ಸರಳ. ಯಂತ್ರ, ಕಚ್ಚಾಮಾಲು, ಬಾಡಿಗೆ ಎಲ್ಲ ಕಳೆದ ಮೇಲೂ ಮಾಲೀಕನಿಗೆ ಲಾಭ ಉಳಿಯುತ್ತದಲ್ಲ, ಅದು ಎಲ್ಲಿಂದ ಬಂತು? ಅವನ ಉತ್ತರ: ಆಳು ತನ್ನ ಕೂಲಿಗೆ ಸಮನಾದಷ್ಟು ದುಡಿದು ಮುಗಿಸಿದ ಮೇಲೂ ದುಡಿಯುತ್ತಲೇ ಇರುತ್ತಾನೆ. ಆ ಹೆಚ್ಚಿನ ಗಂಟೆಗಳೇ ಲಾಭ. ರಾತ್ರಿಪಾಳಿಯವರ ಸಾಲು ಕಣ್ಣಿಗೆ ಕಾಣುತ್ತದೆ, ಈ ಗಂಟೆಗಳು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೂಲಿ ಒಪ್ಪಂದದಲ್ಲಿ ಆಳು ತನ್ನನ್ನೇ ಮಾರಿಕೊಳ್ಳಲಿಲ್ಲ ಅಂದಿರಿ. ಬ್ರಿಟನ್ನಿನಲ್ಲಿ 1799 ಮತ್ತು 1800ರ ಕಾನೂನುಗಳು ಕೂಲಿ ಹೆಚ್ಚಿಸಿ ಅಂತ ಕೆಲಸಗಾರರು ಒಟ್ಟು ಸೇರುವುದನ್ನೇ ಅಪರಾಧ ಮಾಡಿದ್ದವು. ಅವು ರದ್ದಾದದ್ದು 1824ರಲ್ಲಿ. ಕರಾರು ಮುಗಿಯುವ ಮೊದಲು ಕೆಲಸ ಬಿಟ್ಟ ಆಳನ್ನು ಜೈಲಿಗೆ ಹಾಕುವುದು ಅಲ್ಲಿ 1875ರವರೆಗೂ ನಡೆದಿತ್ತು. ಕರಾರು ಮುರಿದ ಮಾಲೀಕನಿಗೆ ಹೆಚ್ಚೆಂದರೆ ದುಡ್ಡು ಕಟ್ಟು ಅಂತ ಹೇಳುತ್ತಿದ್ದರು. ಬಂಡವಾಳಶಾಹಿ ಹುಟ್ಟಿ ಬೆಳೆದ ದೇಶದಲ್ಲೇ ಹೀಗೆ.

ಲೆಕ್ಕದಪಟ್ಟಿ:
ನೀವು ಹೇಳಿದ್ದೆಲ್ಲ ಸರ್ಕಾರದ ಕಾನೂನು, ಮಾರುಕಟ್ಟೆಯದ್ದಲ್ಲ. ಕೆಲಸ ಬಿಟ್ಟವನನ್ನು ಜೈಲಿಗೆ ಹಾಕುವುದು ಮುಕ್ತ ಮಾರುಕಟ್ಟೆಗೆ ನೇರ ವಿರುದ್ಧ.

ಲಾಭದ ಬಗ್ಗೆಯೂ ಒಂದು ಮಾತು. ಮಾಲು ಮಾರಾಟ ಆಗುತ್ತೋ ಇಲ್ಲವೋ, ಆಳಿಗೆ ಸಂಬಳ ಬರಲೇಬೇಕು. ನಷ್ಟ ಆದರೆ ಹೊರುವವರು ಯಾರು? ಕಾಯುವುದಕ್ಕೆ, ನಷ್ಟಕ್ಕೆ ತಲೆಕೊಡುವುದಕ್ಕೆ ಬೆಲೆ ಇಲ್ಲವೇ ಇಲ್ಲ ಅನ್ನುವುದು ಸರಿಯಲ್ಲ.

ಸ್ವಂತಶೆಡ್:
ನಷ್ಟದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಾನು ಯಂತ್ರದ ಬಿಡಿಭಾಗ ಮಾಡಿಸುವ ಸಣ್ಣ ಘಟಕ ನಡೆಸುತ್ತೇನೆ. ದೊಡ್ಡ ಕಂಪನಿಗಳಿಗೆ ಮಾಲು ಕಳಿಸುತ್ತೇನೆ. ಮಾಲು ಹೋದ ಮೂರು ನಾಲ್ಕು ತಿಂಗಳಿಗೆ ಬಿಲ್ ಪಾಸಾಗುತ್ತದೆ. ಸಂಬಳ ಮಾತ್ರ ತಿಂಗಳ ಮೊದಲ ವಾರದಲ್ಲಿ ಕೊಡಲೇಬೇಕು. ನಡುವೆ ಇರುವುದು ನನ್ನ ಓವರ್‌ಡ್ರಾಫ್ಟ್, ನನ್ನ ಒಡವೆ. ಎಷ್ಟೋ ಸಲ ಎಲ್ಲರಿಗೂ ಕೊಟ್ಟ ಮೇಲೆ ನನಗೆ ಏನೂ ಉಳಿದಿಲ್ಲ.

ಇಷ್ಟಾದರೂ ಲೆಕ್ಕದಪಟ್ಟಿ ಸರ್, ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ನಷ್ಟ ನಾನೊಬ್ಬಳೇ ಹೊರುತ್ತೇನೆ ಅನ್ನುವುದು ಸುಳ್ಳು. ಆರ್ಡರ್ ನಿಂತಾಗ ನಾನು ಮೊದಲು ಮಾಡುವುದು ಓವರ್‌ಟೈಮ್ ನಿಲ್ಲಿಸುವುದು, ಆಮೇಲೆ ಗುತ್ತಿಗೆಯವರನ್ನು ಬರಬೇಡಿ ಅನ್ನುವುದು. ನನ್ನ ಶೆಡ್ಡು, ಲೇತು ಆಗಲೂ ನನ್ನದೇ. ಲೇತು ಮಾರಿದರೂ ಒಂದಷ್ಟು ದುಡ್ಡು ಬರುತ್ತದೆ. ಮನೆಗೆ ಹೋದವನ ಹತ್ತಿರ ಮಾರಲು ಏನಿದೆ?

ಸಂಜೆಮೇಷ್ಟ್ರು:
ಸ್ವಂತಶೆಡ್ ಮೇಡಂ ಹೇಳಿದ್ದರಲ್ಲೇ ಇಡೀ ಚರ್ಚೆಯ ಗಂಟು ಇದೆ. ನಾನು ಅರ್ಥಶಾಸ್ತ್ರ ಪಾಠ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಾರುಕಟ್ಟೆಯ ಪರ ಮಾತಾಡುವವರು ಮೊದಲು ನೆನೆಯುವ ಹೆಸರು ಆಡಂ ಸ್ಮಿತ್. 1776ರಲ್ಲೇ ಅವನು ಎರಡು ವಿಷಯ ಬರೆದಿದ್ದ. ಒಂದು, ಕೂಲಿ ಏರದ ಹಾಗೆ ನೋಡಿಕೊಳ್ಳಲು ಮಾಲೀಕರು ಎಲ್ಲ ಕಡೆ, ಯಾವಾಗಲೂ, ಬಾಯಿಬಿಟ್ಟು ಹೇಳದೆ ಒಂದಾಗಿರುತ್ತಾರೆ. ಎರಡು, ಜಗಳ ಬಿದ್ದರೆ ಮಾಲೀಕ ಒಂದೆರಡು ವರ್ಷ ತಾಳಬಲ್ಲ, ಆಳುಗಳಲ್ಲಿ ಬಹಳಷ್ಟು ಜನ ಒಂದು ವಾರವೂ ತಾಳಲಾರರು. ಯಾರು ಎಷ್ಟು ದಿನ ಕಾಯಬಲ್ಲರು ಅನ್ನುವುದರ ಮೇಲೆ ಕೂಲಿ ನಿಂತಿದೆ. ಕೆಲಸದ ಬೆಲೆ ಅಂತ ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಈ ತಾಳುವ ಶಕ್ತಿಯ ಬೆಲೆ.

1933ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಇನ್ನೊಂದು ಕಡೆಯಿಂದ ತೋರಿಸಿದರು. ಕೆಲಸ ಕೊಡುವವರು ಕಡಿಮೆ ಇದ್ದರೆ, ಅಥವಾ ಬಿಟ್ಟು ಬೇರೆ ಕಡೆ ಹೋಗುವುದು ಕಷ್ಟ ಇದ್ದರೆ, ಮಾಲೀಕ ಆಳು ತಂದುಕೊಡುವುದಕ್ಕಿಂತ ಕಡಿಮೆ ಕೂಲಿ ಕೊಟ್ಟೂ ಅವನನ್ನು ಉಳಿಸಿಕೊಳ್ಳಬಹುದು. ಇದು ಮಾರ್ಕ್ಸ್ ಹೇಳಿದ ಕಾರಣ ಅಲ್ಲ. ಇಲ್ಲಿ ಲಾಭವೇ ತಪ್ಪು ಅಂತ ಯಾರೂ ಹೇಳುತ್ತಿಲ್ಲ. ಬಿಟ್ಟುಹೋಗುವ ದಾರಿ ಕಿರಿದಾದಷ್ಟೂ ಕೂಲಿ ಕೆಳಗೆ ಅನ್ನುತ್ತಿದ್ದಾರೆ.

ಇದನ್ನು ಪರೀಕ್ಷೆ ಮಾಡುವಂಥ ಸಂದರ್ಭವೂ ಬಂತು. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ವೇತನ ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳ ಲೆಕ್ಕ ತೆಗೆದರು. ಕೂಲಿ ಏರಿದ ಕಡೆ ಕೆಲಸಗಳು ಕಮ್ಮಿಯಾದದ್ದು ಕಾಣಲಿಲ್ಲ. 1994ರಲ್ಲಿ ಪ್ರಕಟವಾದ ಈ ಅಧ್ಯಯನದ ಮೇಲೆ ಆಮೇಲೆ ಸಾಕಷ್ಟು ಜಗಳ ಆಗಿದೆ. ಆದರೆ ಕೂಲಿ ಏರಿಸಿದರೆ ಕೆಲಸ ಹೋಗಿಯೇ ಹೋಗುತ್ತದೆ ಅಂತ ಕಣ್ಣುಮುಚ್ಚಿ ಹೇಳುವ ಕಾಲ ಅಲ್ಲಿಗೆ ಮುಗಿಯಿತು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು.

ರಾತ್ರಿಪಾಳಿಯವರೇ, ನಿಮ್ಮ ಸಾಲಿನಂಥದ್ದೇ ಒಂದು ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಗೋದಾಮಿನ ಕೆಲಸಗಾರರು, ಪಾಳಿ ಮುಗಿದ ಮೇಲೆ ತಪಾಸಣೆಗೆ 25 ನಿಮಿಷದ ಹತ್ತಿರ ಕಾಯುತ್ತೇವೆ, ಕಾಸು ಕೊಡಿ ಅಂತ ಕೇಳಿದ್ದರು. 2014ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಕೊಡಬೇಕಿಲ್ಲ ಅಂತ ಒಂಬತ್ತೂ ನ್ಯಾಯಾಧೀಶರು ಹೇಳಿದರು. ಈ ಸಮಯಕ್ಕೆ ಕಾಸು ಬೇಕಾದರೆ ಮಾಲೀಕರ ಜೊತೆ ಚೌಕಾಸಿಯಲ್ಲಿ ಕೇಳಿ ಪಡೆಯಿರಿ ಅನ್ನುವುದು ಅವರ ಮಾತು. ಒಬ್ಬೊಬ್ಬರೇ ಹೋಗಿ ಕೇಳಿದರೆ ಸಿಗುತ್ತಾ?

ರಾತ್ರಿಪಾಳಿ:
ಸಿಗಲ್ಲ ಮೇಷ್ಟ್ರೇ. ಕೇಳಿದವನ ಹೆಸರು ಮುಂದಿನ ತಿಂಗಳ ಪಟ್ಟಿಯಲ್ಲಿ ಇರಲ್ಲ. ನಮ್ಮಲ್ಲಿ ಹೆಚ್ಚಿನವರು ಏಜೆನ್ಸಿ ಮೂಲಕ ಬಂದವರು. ಕೆಲಸದಿಂದ ತೆಗೆದರು ಅಂತ ಯಾರೂ ಹೇಳುವುದಿಲ್ಲ. ಫೋನ್ ಬರುವುದು ನಿಂತುಹೋಗುತ್ತದೆ, ಅಷ್ಟೇ.

ಲೆಕ್ಕದಪಟ್ಟಿ:
ಮೇಷ್ಟ್ರ ಮಾತಿನಲ್ಲಿ ನನಗೆ ಬೇಕಾದದ್ದೂ ಇದೆ. ಆಳಿಗೆ ಹೋಗಲು ಬೇರೆ ಕಡೆ ಇದ್ದರೆ ಮಾಲೀಕ ತಾನಾಗಿಯೇ ದಾರಿಗೆ ಬರುತ್ತಾನೆ. ಫೋರ್ಡ್ ಕಾರ್ಖಾನೆ ನೋಡಿ. ಜೋಡಣೆ ಸಾಲಿನ ಕೆಲಸ ತಾಳಲಾರದೆ ಜನ ಬಿಟ್ಟುಬಿಟ್ಟು ಹೋಗುತ್ತಿದ್ದರು. 1913ರಲ್ಲಿ ಹದಿನಾಲ್ಕು ಸಾವಿರದ ಹತ್ತಿರ ಜನರನ್ನು ಉಳಿಸಿಕೊಳ್ಳಲು ವರ್ಷಕ್ಕೆ 50,000ಕ್ಕೂ ಹೆಚ್ಚು ನೇಮಕ ಮಾಡಬೇಕಾಯಿತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಅಂತ ಸಾರಿದ. ಮೊದಲಿದ್ದುದರ ಎರಡರಷ್ಟು. ಗಂಟೆಯೂ ಒಂಬತ್ತರಿಂದ ಎಂಟಕ್ಕೆ ಇಳಿಯಿತು. ಯಾವ ಕಾನೂನೂ ಅವನ ಕೈ ತಿರುಚಿರಲಿಲ್ಲ.

ಮಾಲೀಕರೇ ಬೇಡ, ಎಲ್ಲ ಸರ್ಕಾರದ್ದೇ ಆಗಲಿ ಅಂದ ಕಡೆ ಏನಾಯಿತು? ಸೋವಿಯತ್ ಒಕ್ಕೂಟದಲ್ಲಿ 1940ರ ಜೂನ್‌ನಿಂದ ಅನುಮತಿ ಇಲ್ಲದೆ ಕೆಲಸ ಬಿಡುವುದು ಜೈಲಾಗುವ ಅಪರಾಧ. ಅದು ಹೋದದ್ದು 1956ರಲ್ಲಿ. 1962ರ ಜೂನ್‌ನಲ್ಲಿ ನೊವೊಚೆರ್ಕಾಸ್ಕ್‌ನ ರೈಲು ಎಂಜಿನ್ ಕಾರ್ಖಾನೆಯವರು ಮುಷ್ಕರ ಹೂಡಿದರು. ಮಾಂಸ, ಬೆಣ್ಣೆಯ ಬೆಲೆ ಏರಿತ್ತು, ಅದೇ ಹೊತ್ತಿಗೆ ಮಾಡಬೇಕಾದ ಕೆಲಸದ ಪ್ರಮಾಣವೂ ಏರಿತ್ತು. ಸೈನಿಕರು ಗುಂಡು ಹಾರಿಸಿದರು, 26 ಜನ ಸತ್ತರು. ಆಮೇಲೆ ಏಳು ಜನರಿಗೆ ಮರಣದಂಡನೆ. ದಶಕಗಳ ಕಾಲ ಆ ಸುದ್ದಿಯನ್ನೇ ಮುಚ್ಚಿಟ್ಟರು.

ಕೆಂಪುಶಾಯಿ:
ನೊವೊಚೆರ್ಕಾಸ್ಕ್ ಬಗ್ಗೆ ನಾನು ಸಮರ್ಥನೆ ಕೊಡಲ್ಲ. ಅದು ಕೆಲಸಗಾರರ ಹೆಸರಲ್ಲಿ ಕೆಲಸಗಾರರನ್ನೇ ಕೊಂದದ್ದು. ಅಲ್ಲಿ ಬಿಟ್ಟುಹೋದರೆ ಸೇರಲು ಇನ್ನೊಬ್ಬ ಮಾಲೀಕನೇ ಇರಲಿಲ್ಲ. ಮೇಷ್ಟ್ರು ಹೇಳಿದ ಕಿರಿದಾದ ದಾರಿ ಅಲ್ಲಿ ಪೂರ್ತಿ ಮುಚ್ಚಿತ್ತು.

ಆದರೆ ಫೋರ್ಡ್ ಕಥೆಯ ಉಳಿದರ್ಧ ನೀವು ಬಿಟ್ಟಿರಿ. 5 ಡಾಲರ್ ಸಿಗಬೇಕಾದರೆ ಕಂಪನಿಯ ಜನ ಮನೆಗೆ ಬಂದು ನೋಡುತ್ತಿದ್ದರು: ಕುಡಿಯುತ್ತಾನಾ, ಮನೆ ಚೊಕ್ಕಟ ಇದೆಯಾ, ದುಡ್ಡು ಉಳಿಸುತ್ತಾನಾ ಅಂತ. 1937ರಲ್ಲಿ ಯೂನಿಯನ್ ಕರಪತ್ರ ಹಂಚಲು ಬಂದವರನ್ನು ಅದೇ ಕಂಪನಿಯ ಕಾವಲಿನವರು ಹೊಡೆದು ಗಾಯಗೊಳಿಸಿದರು. ಯೂನಿಯನ್ ಜೊತೆ ಫೋರ್ಡ್ ಸಹಿ ಹಾಕಿದ್ದು 1941ರಲ್ಲಿ, ಮುಷ್ಕರ ಆದ ಮೇಲೆ. ತಾನಾಗಿ ಕೊಟ್ಟದ್ದನ್ನು ತಾನಾಗಿ ಕಿತ್ತುಕೊಳ್ಳಲೂಬಹುದು. ಬರೆದು ಸಹಿ ಹಾಕಿಸಿಕೊಂಡದ್ದನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭ ಅಲ್ಲ.

ಸ್ವಂತಶೆಡ್:
ಬಿಟ್ಟುಹೋಗುವ ದಾರಿಯ ಬಗ್ಗೆ ಇಷ್ಟು ಮಾತಾಡಿದಿರಿ, ರಾಣಾ ಪ್ಲಾಜಾ ಬಗ್ಗೆ ಯಾರೂ ಹೇಳಲಿಲ್ಲ. ಬಾಂಗ್ಲಾದೇಶದಲ್ಲಿ, 2013ರ ಏಪ್ರಿಲ್. ಎಂಟು ಅಂತಸ್ತಿನ ಕಟ್ಟಡ. ಕೆಳಗೆ ಬ್ಯಾಂಕು, ಅಂಗಡಿಗಳು, ಮೇಲೆ ಗಾರ್ಮೆಂಟ್ಸ್. 23ನೇ ತಾರೀಕು ಗೋಡೆ, ಕಂಬಗಳಲ್ಲಿ ಬಿರುಕು ಬಿಟ್ಟಿತು. ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಅಂಗಡಿಗಳು ಮುಚ್ಚಿದವು. ಮಾರನೇ ಬೆಳಗ್ಗೆ ಹೊಲಿಗೆಯವರನ್ನು ಮಾತ್ರ ಒಳಗೆ ಕರೆದರು. ಬರದಿದ್ದರೆ ಸಂಬಳ ಕಟ್ ಅಂದರು ಅಂತ ಬದುಕಿ ಬಂದವರು ಹೇಳಿದ್ದಾರೆ. ಕರೆಂಟ್ ಹೋಯಿತು, ಮೇಲಿನ ಅಂತಸ್ತುಗಳಲ್ಲಿ ಜನರೇಟರ್ ಶುರುವಾಯಿತು, ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು.

ಒಂದೇ ಕಟ್ಟಡ, ಒಂದೇ ಬಿರುಕು. ಬ್ಯಾಂಕಿನವರಿಗೂ ಹೊಲಿಗೆಯವರಿಗೂ ಇದ್ದ ವ್ಯತ್ಯಾಸ ಏನು? ಬಿರುಕು ಎಲ್ಲರಿಗೂ ಕಂಡಿತ್ತು. ಒಳಗೆ ಹೋಗಲ್ಲ ಅನ್ನಲು ಒಂದು ತಿಂಗಳ ಸಂಬಳದಷ್ಟು ಆಸರೆ ಆ ಹೆಣ್ಣುಮಕ್ಕಳಿಗೆ ಇರಲಿಲ್ಲ.

ಅಲ್ಲಿನ ಕಾರ್ಖಾನೆ ಮಾಲೀಕರದ್ದು ದೊಡ್ಡ ತಪ್ಪು. ಅವರ ಬೆನ್ನ ಹಿಂದೆ ನಿಂತು ಬೇಗ ಕೊಡು, ಕಮ್ಮಿಗೆ ಕೊಡು ಅನ್ನುತ್ತಿದ್ದ ದೊಡ್ಡ ಬ್ರ್ಯಾಂಡ್‌ಗಳೂ ಲೆಕ್ಕಕ್ಕೆ ಬರಬೇಕು. ಅಂಥ ಖರೀದಿದಾರರ ಎದುರು ಕೂತು ರೇಟ್ ಮಾತಾಡಿ ನನಗೆ ಅಭ್ಯಾಸ ಇದೆ. ಅವರು ಕೂಲಿ ಕಡಿಮೆ ಮಾಡು ಅಂತ ಎಂದೂ ಹೇಳುವುದಿಲ್ಲ. ರೇಟ್ ಕಡಿಮೆ ಮಾಡು ಅನ್ನುತ್ತಾರೆ. ಉಕ್ಕಿನ ಬೆಲೆ ನನ್ನ ಕೈಲಿಲ್ಲ, ಕರೆಂಟ್ ಬಿಲ್ಲೂ ಇಲ್ಲ. ಉಳಿಯುವುದು ಯಾವುದು ಹೇಳಿ?

ಸಂಜೆಮೇಷ್ಟ್ರು:
ಆ ದುರಂತದ ನಂತರ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಕಾನೂನಿನ ಬಲ ಇರುವ ಒಪ್ಪಂದ ಆಯಿತು. ಹಿಂದೆ ಕಂಪನಿಗಳು ತಾವೇ ಬರೆದುಕೊಂಡ ನೀತಿಸಂಹಿತೆ ಇತ್ತು, ಮುರಿದರೆ ಯಾರೂ ಕೇಳುವ ಹಾಗಿರಲಿಲ್ಲ. ಇದರಲ್ಲಿ ಕೇಳಬಹುದು. 1,600ಕ್ಕೂ ಹೆಚ್ಚು ಕಾರ್ಖಾನೆಗಳ ತಪಾಸಣೆ ಆಯಿತು, ಬೀಗ ಹಾಕಿಕೊಳ್ಳುವ ಬಾಗಿಲು ತೆಗೆಸಿದರು, ಕಂಬ ಗಟ್ಟಿ ಮಾಡಿಸಿದರು. ಬಂಡವಾಳಶಾಹಿ ಹೋಗಲಿಲ್ಲ, ಬಟ್ಟೆ ವ್ಯಾಪಾರ ನಿಲ್ಲಲಿಲ್ಲ, ಆದರೂ ಕಟ್ಟಡ ಸುಧಾರಿಸಿತು. ಆದ್ದರಿಂದ ಕೆಂಪುಶಾಯಿಯವರೇ, ಅನ್ಯಾಯ ಈ ವ್ಯವಸ್ಥೆಯ ಹುಟ್ಟುಗುಣ, ಬದಲಾಗುವುದೇ ಇಲ್ಲ ಅನ್ನುವುದನ್ನು ನಾನು ಒಪ್ಪಲಾರೆ.

ಕೆಂಪುಶಾಯಿ:
ಸುಧಾರಿಸಿತು, ಸರಿ. ಸಾವಿರ ಹೆಣ ಬಿದ್ದ ಮೇಲೆ. 1911ರಲ್ಲಿ ನ್ಯೂಯಾರ್ಕ್‌ನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿದ್ದಾಗಲೂ ಬಾಗಿಲಿಗೆ ಬೀಗ ಹಾಕಿತ್ತು, 146 ಜನ ಸತ್ತರು, ಆಮೇಲೆ ಕಾನೂನು ಬಂತು. ನೂರು ವರ್ಷದ ನಂತರವೂ ಬೀಗದ ಬಾಗಿಲು ತೆಗೆಸುವುದೇ ಸುಧಾರಣೆ ಅಂತ ಎಣಿಸಬೇಕಾ? ಕಲಿತ ಪಾಠ ಕಾರ್ಖಾನೆಯ ಜೊತೆ ಇನ್ನೊಂದು ದೇಶಕ್ಕೆ ಹೋಗುವುದಿಲ್ಲ. ಸುಮ್ನೆ ಮತ್ತೆ ಮೊದಲಿನಿಂದ ಶುರು.

ಲೆಕ್ಕದಪಟ್ಟಿ:
ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಜೀವದ ವಿಷಯದಲ್ಲಿ ಮಾರುಕಟ್ಟೆ ನೋಡಿಕೊಳ್ಳುತ್ತದೆ ಅಂತ ನಾನು ಎಂದೂ ವಾದಿಸುವವನಲ್ಲ. ಆದರೆ ನಿಮ್ಮ ಕಡೆಯಿಂದ ಒಂದು ನಡೆಯುವ ಮಾದರಿ ತೋರಿಸಿ.

ಸಂಜೆಮೇಷ್ಟ್ರು:
ಎರಡಿವೆ, ಎರಡರಲ್ಲೂ ಕೊರತೆ ಇದೆ. ಜರ್ಮನಿಯಲ್ಲಿ 1976ರ ಕಾನೂನಿನ ಪ್ರಕಾರ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಜನ ನೌಕರರ ಪರವಾಗಿ ಬಂದವರು. ಮತ ಸಮ ಬಿದ್ದರೆ ಷೇರುದಾರರ ಕಡೆಯ ಅಧ್ಯಕ್ಷನಿಗೆ ಇನ್ನೊಂದು ಮತ. ಅಂದರೆ ಕೊನೆಯ ಮಾತು ಹಣದ್ದೇ. ಆದರೆ ಕಾರ್ಖಾನೆ ಮುಚ್ಚುವ ಸುದ್ದಿ ನೌಕರರಿಗೆ ಪತ್ರಿಕೆ ಓದಿ ಗೊತ್ತಾಗುವುದಿಲ್ಲ.

ಸ್ಪೇನಿನ ಮೊಂಡ್ರಾಗಾನ್ 1956ರಲ್ಲಿ ಶುರುವಾದ ಸಹಕಾರಿ ಸಂಸ್ಥೆಗಳ ಗುಂಪು, ದುಡಿಯುವವರೇ ಒಡೆಯರು. ಅಲ್ಲೂ ನಷ್ಟ ಬರುತ್ತದೆ. 2013ರಲ್ಲಿ ಫ್ರಿಜ್, ವಾಷಿಂಗ್ ಮೆಷಿನ್ ಮಾಡುತ್ತಿದ್ದ ಅವರ ಫಾಗೋರ್ ಮುಳುಗಿತು. ಅದರ ಸದಸ್ಯರಲ್ಲಿ ಬಹಳಷ್ಟು ಜನರಿಗೆ ಗುಂಪಿನ ಬೇರೆ ಸಂಸ್ಥೆಗಳಲ್ಲಿ ಜಾಗ ಸಿಕ್ಕಿತು. ಹೊರದೇಶದ ಘಟಕಗಳಲ್ಲಿ ಕೂಲಿಗೆ ಇದ್ದವರು ಸದಸ್ಯರಾಗಿರಲಿಲ್ಲ, ಅವರಿಗೆ ಆ ಆಸರೆ ಇರಲಿಲ್ಲ.

ರಾತ್ರಿಪಾಳಿ:
ಆ ಹೊರದೇಶದವರ ಬಗ್ಗೆ ಇನ್ನೂ ಸ್ವಲ್ಪ ಬರೆಯಿರಿ ಮೇಷ್ಟ್ರೇ. ಕೆಲಸಗಾರರೇ ಒಡೆಯರಾದ ಕಡೆಯಲ್ಲೂ ಕೂಲಿಗೆ ಇದ್ದವರು ಹೊರಗೇ ಉಳಿದರು ಅಂದರೆ, ನಮ್ಮಂಥ ಏಜೆನ್ಸಿಯವರನ್ನು ಸದಸ್ಯರಾಗಿ ಸೇರಿಸಿಕೊಳ್ಳುವ ಯೂನಿಯನ್ ಆದರೂ ಎಲ್ಲಾದರೂ ಇದೆಯಾ? ನನಗೆ ಮೊದಲು ಬೇಕಾಗಿರುವುದು ಅದು.